ನಂಬರ್ ಹೋಯಿತು, ಕಣ್ಣು ಅದೇ

ಹೋಳಿ ಹುಣ್ಣಿಮೆಯಾದ ಐದನೇ ದಿನ ನಮ್ಮ ಕಲಬುರಗಿಯಲ್ಲಿ ಶರಣಬಸವೇಶ್ವರರ ತೇರು. ಈ ವರ್ಷ ನಾನು ಹೋಗುವುದೇ ಬೇಡ ಎಂದು ಅವ್ವ ಬೆಳಿಗ್ಗೆಯಿಂದ ಹಟ ಹಿಡಿದಿದ್ದಳು. ಸಂಕ್ರಾಂತಿ ಮುಗಿದ ಮೇಲೆ ಹೈದರಾಬಾದಿಗೆ ಹೋಗಿ ಚಸ್ಮಾದ ನಂಬರ್ ಹೋಗಲೆಂದು ಎರಡೂ ಕಣ್ಣಿಗೆ ಲೇಸರ್ ಮಾಡಿಸಿಕೊಂಡು ಬಂದಿದ್ದೆ. ತೇರು ಎಳೆಯುವಾಗ ಜನ ಅದರ ಮೇಲೆ ಉತ್ತತ್ತಿ, ಬಾಳೆಹಣ್ಣು ಎಸೆಯುತ್ತಾರೆ. ಗುರಿ ತಪ್ಪಿದ ಉತ್ತತ್ತಿ ಯಾರ ಮುಖಕ್ಕೆ ಬಂದು ಬಡಿಯುತ್ತದೋ ಹೇಳಲು ಬರುವುದಿಲ್ಲ. ಅವ್ವನ ಹೆದರಿಕೆಯಲ್ಲಿ ಹುರುಳಿತ್ತು.

ನನಗೆ ಮಾಡಿದ್ದು ಲಾಸಿಕ್. ಕಣ್ಣಿನ ಮುಂಭಾಗದ ಕಾರ್ನಿಯಾದ ಮೇಲ್ಪದರವನ್ನು ತೆಳ್ಳಗೆ ಕೊಯ್ದು, ಒಂದು ಬದಿ ಕೂಡಿಕೊಂಡಂತೆಯೇ ಬಿಟ್ಟು, ಮುಚ್ಚಳ ತೆಗೆದ ಹಾಗೆ ಹಿಂದಕ್ಕೆ ಮಗುಚುತ್ತಾರೆ. ಒಳಗಿನ ಭಾಗವನ್ನು ಲೇಸರಿನಿಂದ ಲೆಕ್ಕ ಹಾಕಿದಷ್ಟೇ ಸವೆಸಿ ಮತ್ತೆ ಮುಚ್ಚುತ್ತಾರೆ. ಹೊಲಿಗೆ ಇರುವುದಿಲ್ಲ. ಅಂಚು ಬೇಗ ಕೂಡುತ್ತದೆ, ಆದರೆ ಆ ಪದರ ಹುಟ್ಟಿನಿಂದ ಇದ್ದಷ್ಟು ಗಟ್ಟಿಯಾಗಿ ಮತ್ತೆಂದೂ ಕೂಡುವುದಿಲ್ಲ. ಜೋರಾದ ಪೆಟ್ಟು ಬಿದ್ದು ವರ್ಷಗಳ ಮೇಲೂ ಅದು ಸರಿದದ್ದುಂಟು. ಹೋಗಬಹುದು, ಆದರೆ ಕಣ್ಣಿಗೆ ಏನಾದರೂ ಅಡ್ಡ ಇರಲಿ ಎಂದು ಡಾಕ್ಟರ್ ಹೇಳಿದ್ದರು. ಹಾಗಾಗಿ ನಂಬರಿಲ್ಲದ ಅಗಲವಾದ ಗಾಗಲ್ ಹಾಕಿಕೊಂಡು ಹೊರಟೆ. ಓಣಿಯ ಬಾಯಲ್ಲೇ ಪಕ್ಕದ ಮನೆಯವರು ನಿಲ್ಲಿಸಿದರು.

“ಮತ್ತ ಚಸ್ಮಾ ಬಂತೇನವ್ವ? ಅಷ್ಟು ರೊಕ್ಕಾ ಹಾಕಿದ್ರಲ್ಲ!”

“ನಂಬರಿಂದಲ್ರೀ ಅಕ್ಕಾರ, ಬರೇ ಕಣ್ಣಿಗಿ ಕಾವಲು,” ಎಂದಳು ಅವ್ವ. ಅಷ್ಟೊತ್ತೂ ಬೇಡ ಎನ್ನುತ್ತಿದ್ದವಳು ನನ್ನ ಪರವಾಗಿ ಮಾತಾಡಿ, ತಾನೂ ಚಪ್ಪಲಿ ಮೆಟ್ಟಿಕೊಂಡಳು.

ಆರನೇ ಇಯತ್ತೆಯಲ್ಲಿ ಹತ್ತಿದ ಚಸ್ಮಾ ನನ್ನದು. ಏರುತ್ತಾ ಏರುತ್ತಾ ಮೈನಸ್ 6.5ಕ್ಕೆ ಬಂದು ನಿಂತಿತ್ತು. ಆ ನಂಬರಿನವರಿಗೆ ಚಸ್ಮಾ ತೆಗೆದರೆ ಒಂದು ಗೇಣಿನಾಚೆ ಯಾವುದೂ ಸ್ಪಷ್ಟವಿಲ್ಲ. ತೇರಿನ ದಿನ ಗುಡಿಯ ಮುಂದಿನ ನೂಕಾಟದಲ್ಲಿ ಬೆವರಿಗೆ ಚಸ್ಮಾ ಮೂಗಿನಿಂದ ಜಾರುತ್ತಿತ್ತು. ಒಂದು ವರ್ಷ ಯಾರದೋ ಮೊಣಕೈ ತಾಗಿ ಬಿದ್ದು ಕಾಲಡಿ ಪುಡಿಯಾಯಿತು. ಅಂದಿನಿಂದ ಜನ ದಟ್ಟವಾದೊಡನೆ ತೆಗೆದು ಮುಷ್ಟಿಯಲ್ಲಿ ಹಿಡಿದುಬಿಡುತ್ತಿದ್ದೆ. ತೇರು ಎಳೆಯುವ ಮೊದಲು ಪೀಠಾಧಿಪತಿಗಳು ಪರುಷ ಬಟ್ಟಲು ತೋರಿಸುತ್ತಾರೆ. ದಾಸೋಹದ ಶರಣರ ಆ ಬಟ್ಟಲನ್ನು ಕಾಣಲು ಹಳ್ಳಿ ಹಳ್ಳಿಗಳಿಂದ ಜನ ಬರುತ್ತಾರೆ. ಸುತ್ತಲಿನವರು ಕೈ ಎತ್ತಿ ಮುಗಿದಾಗ, ಓಹೋ ತೋರಿಸಿದರು ಎಂದು ತಿಳಿದು ನಾನೂ ಕೈ ಮುಗಿಯುತ್ತಿದ್ದೆ.

ಈ ಸಲ ದೂರದಲ್ಲಿ, ಒಂದು ಅಂಗಡಿಯ ಕಟ್ಟೆ ಮೇಲೆ ನಿಂತಿದ್ದೆ. ಹಿಡಿದ ಕೈ ಕಂಡಿತು, ಕೈಯೊಳಗಿನ ಬಟ್ಟಲು ಕಂಡಿತು, ಅದರ ಅಂಚಿಗೆ ಸಂಜೆಯ ಬಿಸಿಲು ಬಡಿದು ಮಿಂಚಿದ್ದೂ ಕಂಡಿತು. ಅವ್ವನ ಕೈ ಒತ್ತಿ ಹಿಡಿದೆ. “ಕಂಡ್ತೇನು?” ಎಂದಳು. ಮಾತು ಹೊರಡಲಿಲ್ಲ. ಇದೊಂದಕ್ಕಾಗಿಯಾದರೂ ಮಾಡಿಸಿಕೊಂಡದ್ದು ಸಾರ್ಥಕ ಎಂದು ಈಗಲೂ ಅನ್ನುತ್ತೇನೆ.

ಆದರೆ ಲೇಸರ್ ಆದ ಮೇಲಿನ ಬದುಕೆಂದರೆ ಇಷ್ಟೇ ಅಲ್ಲ. ನಮ್ಮ ಕಡೆ ಮಾಡಿಸಿಕೊಂಡವರು ಬರೀ ಇಷ್ಟನ್ನೇ ಹೇಳುತ್ತಾರೆ, ಕೇಳಿದವರು ಇಷ್ಟನ್ನೇ ನಂಬಿ ಬಸ್ಸು ಹತ್ತುತ್ತಾರೆ.

ಕಾರ್ನಿಯಾದ ಪದರ ಕೊಯ್ಯುವಾಗ ಅದರೊಳಗಿನ ಸಣ್ಣ ನರಗಳೂ ಕತ್ತರಿಸಿಹೋಗುತ್ತವೆ. ಕಣ್ಣು ಒಣಗಿದೆ, ನೀರು ಬೇಕು ಎಂದು ಸುದ್ದಿ ಮುಟ್ಟಿಸುವವು ಆ ನರಗಳೇ. ಅವು ಮತ್ತೆ ಬೆಳೆಯಲು ತಿಂಗಳುಗಟ್ಟಲೆ ಬೇಕು, ಕೆಲವರಿಗೆ ವರ್ಷವೂ ಆಗಬಹುದು. ಅಲ್ಲಿಯ ತನಕ ಕಣ್ಣೀರಿನ ಬದಲು ಡ್ರಾಪ್ಸ್. ಕಲಬುರಗಿಯ ಒಣ ಹವೆಯಲ್ಲಿ ಇದು ಸಣ್ಣ ಮಾತಲ್ಲ. ನಾನು ಲೆಕ್ಕ ಬರೆಯುವುದು ಒಂದು ದಾಲ್ ಮಿಲ್ಲಿನಲ್ಲಿ. ಜನವರಿಯಿಂದ ಹೊಸ ತೊಗರಿ ಬರುವ ಕಾಲ, ಹೊಟ್ಟಿನ ಧೂಳು ಆಫೀಸಿನ ಕೀಬೋರ್ಡಿನ ಮೇಲೂ ಕೂತಿರುತ್ತದೆ. ಕಂಪ್ಯೂಟರ್ ನೋಡುವಾಗ ಯಾರೇ ಆಗಲಿ ರೆಪ್ಪೆ ಬಡಿಯುವುದು ಕಡಿಮೆ. ಮಧ್ಯಾಹ್ನಕ್ಕೆ ಕಣ್ಣಲ್ಲಿ ಮರಳು ಬಿದ್ದ ಅನುಭವ, ಅಂಕಿಗಳು ಮಸುಕು. ಡ್ರಾಪ್ಸ್ ಹಾಕಿ ಕಣ್ಣು ಮುಚ್ಚಿ ಕೂತರೆ ಮತ್ತೆ ಸ್ವಚ್ಛ. ಮನೆಯಲ್ಲಿ ಕೂಲರಿನ ಗಾಳಿ ನೇರ ಮುಖಕ್ಕೆ ಬಾರದಂತೆ ಹಾಸಿಗೆಯನ್ನೇ ತಿರುಗಿಸಿದೆವು.

ಇನ್ನೊಂದು ಮಾತು, ಇದನ್ನು ಒತ್ತಿ ಹೇಳಲೇಬೇಕು. ಮೊದಮೊದಲು ಬರೆದುಕೊಡುವ ಡ್ರಾಪ್ಸಿನಲ್ಲಿ ಒಂದು ಸ್ಟೆರಾಯ್ಡ್. ಅದನ್ನು ಹೇಳಿದಷ್ಟೇ ದಿನ, ಹೇಳಿದ ಹಾಗೆ ಇಳಿಸುತ್ತಾ ಬಂದು ನಿಲ್ಲಿಸಬೇಕು. ಕಣ್ಣು ಕೆಂಪಾಯಿತೆಂದು ಅದೇ ಬಾಟಲಿ ತೋರಿಸಿ ಮೆಡಿಕಲ್ ಅಂಗಡಿಯಿಂದ ಮತ್ತೆ ಮತ್ತೆ ತಂದರೆ ಕಣ್ಣಿನೊಳಗಿನ ಒತ್ತಡ ಏರಿ ದೃಷ್ಟಿಯ ನರವೇ ಹಾಳಾಗಬಹುದು, ಅದೂ ನೋವಿಲ್ಲದೆ. ಗುಲಾಬಿ ನೀರು, ಔಡಲೆಣ್ಣೆ, ಸುರ್ಮಾ ಎಂದು ಪ್ರೀತಿಯಿಂದ ಹೇಳಿದವರು ಬಹಳ ಜನ. ಯಾವುದನ್ನೂ ಹಾಕಲಿಲ್ಲ.

ತೇರು ಮುಗಿದು ಕತ್ತಲಾದ ಮೇಲೆ ಜಾತ್ರೆಯ ದೀಪಗಳು ಹತ್ತಿದವು. ಒಂದೊಂದು ಬಲ್ಬಿನ ಸುತ್ತ ಮಂಜಿನಂಥ ಉಂಗುರ. ಕತ್ತಲಲ್ಲಿ ಪಾಪೆ ದೊಡ್ಡದಾದಾಗ ಲೇಸರ್ ತಾಗಿದ ಜಾಗದ ಅಂಚಿನಿಂದಲೂ ಬೆಳಕು ಒಳಗೆ ಹೋಗಿ ಚದುರುತ್ತದೆ, ದೊಡ್ಡ ನಂಬರಿನವರಿಗೆ ಇದು ಹೆಚ್ಚು. ದಿನ ಕಳೆದಂತೆ ಕಡಿಮೆಯಾಗುತ್ತಿದೆ, ಪೂರ್ತಿ ಹೋಗಿಲ್ಲ. ರಾತ್ರಿ ಸೇಡಂ ರಸ್ತೆಯಲ್ಲಿ ಎದುರಿನ ಲಾರಿಯ ಲೈಟು ಬಿದ್ದರೆ ಈಗಲೂ ಸ್ಕೂಟಿ ನಿಧಾನ ಮಾಡುತ್ತೇನೆ.

ಕೆರೆಯ ಕಡೆ ಬಂದು ಸುಸಲಾ, ಮಿರ್ಚಿ ಭಜಿ ತಿನ್ನುತ್ತಾ ಕೂತಾಗ ಚಿಕ್ಕವ್ವನ ಮಗ ಸಿಕ್ಕ. ವಾಡಿಯ ಹುಡುಗ. ಜಂಕ್ಷನ್ನಿನ ರೈಲುಗಳನ್ನು ನೋಡುತ್ತಲೇ ಬೆಳೆದವನು, ಇಂಜಿನ್ನಿನ ದನಿ ಕೇಳಿಯೇ ಯಾವ ಗಾಡಿ ಎಂದು ಹೇಳುತ್ತಾನೆ. ಡಿಪ್ಲೊಮಾ ಮುಗಿಸುತ್ತಿದ್ದಾನೆ. ಮೈನಸ್ 2 ನಂಬರ್.

“ಅಕ್ಕಾ, ಈ ಬ್ಯಾಸಗಿಗಿ ನಾನೂ ಮಾಡಿಸ್ಕೋಬೇಕಂತ ಮಾಡೀನಿ.”

“ಎದಕ್ಕ?”

“ಲೋಕೋ ಪೈಲಟ್‌ಗಿ ಅರ್ಜಿ ಹಾಕ್ಲಾಕತ್ತೀನಿ. ಚಸ್ಮಾ ಇದ್ರ ಮೆಡಿಕಲ್‌ದಾಗ ತೆಗೀತಾರ.”

ಭಜಿ ಕೆಳಗಿಟ್ಟೆ. ಆಪರೇಷನ್‌ಗೆ ಮುಂಚೆ ಬಹಳ ಓದಿದ್ದೆ, ಆಗ ಕಣ್ಣಿಗೆ ಬಿದ್ದ ಸಂಗತಿ ಇದು. ಅವನ ಮೊಬೈಲಿನಲ್ಲೇ ರೈಲ್ವೆಯ ಅಧಿಸೂಚನೆ ತೆಗೆಸಿ ವೈದ್ಯಕೀಯ ದರ್ಜೆಯ ಪುಟ ತೋರಿಸಿದೆ. ಸಹಾಯಕ ಲೋಕೋ ಪೈಲಟ್‌ಗೆ ಬೇಕಾದದ್ದು ಎ-1 ದರ್ಜೆ: ಚಸ್ಮಾ ಇಲ್ಲದೆ ಎರಡೂ ಕಣ್ಣಿನ ದೃಷ್ಟಿ 6/6, ಅಂದರೆ ಪೂರ್ತಿ ಸರಿ, ಇರಬೇಕು, ಲಾಸಿಕ್ ಮಾಡಿಸಿಕೊಂಡಿರಬಾರದು. ಅವನು ಆ ಸಾಲನ್ನು ಮತ್ತೆ ಓದಿದ.

“ಅವ್ರಿಗಿ ಹ್ಯಾಂಗ ಗೊತ್ತಾಗ್ತದ? ಹೇಳಲಿಲ್ಲಂದ್ರ?”

“ಗೊತ್ತಾಗ್ತದ ತಮ್ಮಾ. ಕಾರ್ನಿಯಾದ ನಕ್ಷೆ ತೆಗೆದ್ರ ನಡು ಚಪ್ಪಟೆ ಆಗಿದ್ದು ಕಾಣ್ತದ. ಕಣ್ಣು ನೋಡೋ ಯಂತ್ರ, ಸ್ಲಿಟ್ ಲ್ಯಾಂಪ್‌ದಾಗ ಕೊಯ್ದ ಅಂಚು ಕಾಣ್ತದ. ಸುಳ್ಳು ಹೇಳಿ ಸಾವಿರಾರು ಮಂದಿ ಕುಂತ ಗಾಡಿ ನಡೆಸೋದು ಬ್ಯಾಡ.”

ಬಹಳ ಹೊತ್ತು ಮಾತಾಡಲಿಲ್ಲ ಅವನು. ಸಮಾಧಾನದ ಮಾತು ಹುಡುಕಿ ಹೇಳಲು ನನಗೂ ಮನಸ್ಸಾಗಲಿಲ್ಲ. ಚಿಕ್ಕಂದಿನ ಆಸೆ ಅದು, ಒಂದು ಪುಟ ಓದಿದೊಡನೆ ಬಿಡುವುದು ಸುಲಭವಲ್ಲ. ಆಮೇಲೆ ಮೆಲ್ಲಗೆ, ಗುಮಾಸ್ತರ ದರ್ಜೆಯ ಹುದ್ದೆಗಳಿಗೆ ಚಸ್ಮಾ ಇದ್ದರೂ ನಡೆಯುತ್ತದೆ ಎಂಬುದನ್ನು ಅದೇ ಪಟ್ಟಿಯಲ್ಲಿ ತೋರಿಸಿದೆ. ಎರಡು ನಂಬರಿಗಾಗಿ ಈಗಲೇ ಕಣ್ಣು ಕೊಯ್ಯಿಸಬೇಕೆಂದೇನಿಲ್ಲ. ಅವನ ನಂಬರ್ ಹೋದ ವರ್ಷವಷ್ಟೇ ಏರಿದೆ. ವರ್ಷವಾದರೂ ಒಂದೇ ಕಡೆ ನಿಲ್ಲದೆ ಯಾವ ಒಳ್ಳೆಯ ಡಾಕ್ಟರೂ ಮುಟ್ಟುವುದಿಲ್ಲ.

ಅವನು ಕೇಳಿದನೆಂದು ನನ್ನ ಲೆಕ್ಕವನ್ನೂ ಹೇಳಿದೆ. ನನ್ನ ಕಾರ್ನಿಯಾದ ದಪ್ಪ 545 ಮೈಕ್ರಾನ್, ಅಂದರೆ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು. ಮೇಲಿನ ಪದರಕ್ಕೆ 110 ಹೋಯಿತು. ಒಂದು ನಂಬರ್ ಇಳಿಸಲು 12ರಿಂದ 15 ಮೈಕ್ರಾನ್ ಸವೆಯುತ್ತದೆ. ಕೆಳಗೆ ಕನಿಷ್ಠ 250 ಉಳಿಯಲೇಬೇಕು, ಸಾಧ್ಯವಾದರೆ 300. ಇಲ್ಲದಿದ್ದರೆ ಕಾರ್ನಿಯಾ ಮುಂದೆ ಉಬ್ಬಬಹುದು. ನನಗೆ ಉಳಿಯಿತು, ತೆಳು ಕಾರ್ನಿಯಾದವರಿಗೆ ಉಳಿಯುವುದಿಲ್ಲ. ಈ ಲೇಸರಿನ ಮೂಲದಲ್ಲಿ ಮದ್ರಾಸಿನಲ್ಲಿ ಹುಟ್ಟಿದ ರಂಗಸ್ವಾಮಿ ಶ್ರೀನಿವಾಸನ್ ಇದ್ದಾರೆಂದಾಗ ಮಾತ್ರ ಅವನ ಮುಖ ಅರಳಿತು. 1981ರಲ್ಲಿ ಅಮೆರಿಕದ ಐಬಿಎಂ ಪ್ರಯೋಗಾಲಯದಲ್ಲಿ, ಹಬ್ಬದೂಟದಲ್ಲಿ ಉಳಿದ ಟರ್ಕಿ ಕೋಳಿಯ ಮೇಲೆ ಈ ನೇರಳಾತೀತ ಲೇಸರ್ ಹಾಯಿಸಿ, ಅಕ್ಕಪಕ್ಕ ಸುಡದೆ ಅಚ್ಚುಕಟ್ಟಾಗಿ ಕೊರೆಯುತ್ತದೆಂದು ಕಂಡವರು ಅವರು.

“ಹಂಗಾದ್ರ ನಿನ್ನ ಕಣ್ಣು ಈಗ ಪೂರಾ ಛಲೋ ಆದಂಗ?”

ಇಲ್ಲ. ದೊಡ್ಡ ನಂಬರಿನ ಕಣ್ಣು ಹಿಂದಕ್ಕೆ ಉದ್ದ ಬೆಳೆದಿರುತ್ತದೆ, ಬೆಳಕು ಹಿಡಿಯುವ ಒಳಪದರವಾದ ರೆಟಿನಾ ಎಳೆದಂತಾಗಿ ತೆಳುವಾಗಿರುತ್ತದೆ. ಲೇಸರ್ ಮುಂದಿನದನ್ನು ತಿದ್ದುತ್ತದೆ, ಹಿಂದಿನದನ್ನು ಮುಟ್ಟುವುದಿಲ್ಲ. ಒಮ್ಮೆಲೇ ಮಿಂಚು ಹೊಡೆದಂತಾದರೆ, ಕಪ್ಪು ಚುಕ್ಕೆಗಳು ರಾಶಿ ರಾಶಿ ತೇಲಿದರೆ, ಒಂದು ಬದಿಯಿಂದ ಪರದೆ ಇಳಿದಂತಾದರೆ ಅದೇ ದಿನ ರೆಟಿನಾ ಡಾಕ್ಟರ ಹತ್ತಿರ ಓಡಬೇಕು. ನಲವತ್ತು ದಾಟಿದ ಮೇಲೆ ಓದುವ ಚಸ್ಮಾ ನನಗೂ ಬರುತ್ತದೆ. ಮುಂದೆಂದೋ ಪೊರೆ ಬಂದರೆ ಒಳಗೆ ಹಾಕುವ ಲೆನ್ಸಿನ ಲೆಕ್ಕಕ್ಕೆ ಆಪರೇಷನ್‌ಗೆ ಮುಂಚಿನ ಅಳತೆಗಳು ಬೇಕಾಗುತ್ತವೆ. ಅದಕ್ಕೇ ಆ ಫೈಲನ್ನು ಮನೆಯ ಖರೀದಿ ಪತ್ರದ ಜೊತೆ ಟ್ರಂಕಿನಲ್ಲಿಟ್ಟಿದ್ದೇನೆ.

ಹೊರಡುವಾಗ ಅವನೇ ಕೇಳಿದ, “ಅಕ್ಕಾ, ನಿನ್ನ ಜೋಡಿ ನಾನೂ ಒಮ್ಮಿ ರೆಟಿನಾ ತೋರಿಸ್ಲ್ಯಾ?”

“ಸೋಮವಾರ ಹೊಂಟೀನಿ, ಬಾ. ಗಾಡಿ ಮ್ಯಾಲ ಬರಬ್ಯಾಡ, ಬಸ್ಸಿಗಿ ಬಾ. ಪಾಪಿ ದೊಡ್ಡದು ಮಾಡೋ ಡ್ರಾಪ್ಸ್ ಹಾಕಿದ್ರ ನಾಕೈದು ತಾಸು ಬಿಸಲಾಗ ಕಣ್ಣು ತೆರೀಲಾಕ ಆಗಂಗಿಲ್ಲ, ಸನೇದ್ದು ಓದ್ಲಾಕೂ ಬರಂಗಿಲ್ಲ. ಅರ್ಜಿ ತುಂಬೋದಿದ್ರ ರವಿವಾರನ ತುಂಬಿ ಬಿಡು.”