ಎಲೆ ಹಳದಿ ಆಯ್ತು ಅಂತ ಅಜೇಲಿಯಾಕ್ಕೆ ಗೊಬ್ಬರ ಸುರಿಯಬೇಡಿ

ಅಜೇಲಿಯಾ ಅನ್ನುವ ಹೂಗಿಡದ ಬೋನ್ಸಾಯ್, ಅಂದರೆ ಕುಂಡದಲ್ಲಿ ಪುಟ್ಟದಾಗಿ ಬೆಳೆಸಿದ ಮರ, ಇಟ್ಟುಕೊಂಡವರು ಯಾರೇ ಸಿಗಲಿ, ಕೇಳುವುದು ಇದನ್ನೇ. ಎಲೆ ಹಳದಿ ಆಗ್ತಿದೆ, ಯಾವ ಗೊಬ್ಬರ ಹಾಕಲಿ? ಗೊಬ್ಬರ ಹಾಗಿರಲಿ, ಮೊದಲು ಆ ಎಲೆಯನ್ನು ಹತ್ತಿರದಿಂದ ನೋಡಿ. ಕೊಂಬೆ ತುದಿಯ ಹೊಸ ಎಲೆ ಹಳದಿಯಾಗಿದೆ, ಆದರೆ ಅದರ ನರಗಳು ಮಾತ್ರ ಎಳೆ ಎಳೆಯಾಗಿ ಹಸಿರಾಗೇ ಉಳಿದಿವೆ ಅಂದರೆ ಹೆಚ್ಚಾಗಿ ಕಬ್ಬಿಣದ ಕೊರತೆ. ಕೆಳಗಿನ ಹಳೇ ಎಲೆಗಳು ಪೂರ್ತಿ ಮಂಕಾಗಿ ಹಳದಿಗೆ ತಿರುಗಿ, ಚಿಗುರೂ ಸೊರಗಿದ್ದರೆ ಸಾರಜನಕ ಸಾಲುತ್ತಿಲ್ಲ. ಎರಡೂ ಹಳದಿಯೇ, ಮದ್ದು ಬೇರೆ ಬೇರೆ. ಇನ್ನು ಚಳಿಗಾಲಕ್ಕೆ ಮುಂಚೆ ಒಂದಿಷ್ಟು ಹಳೇ ಎಲೆ ಹಣ್ಣಾಗಿ ಉದುರಿದರೆ ಅದು ಕಾಯಿಲೆಯೇ ಅಲ್ಲ, ಸುಮ್ನೆ ಬಿಟ್ಟುಬಿಡಿ.

ಕಬ್ಬಿಣದ ಕೊರತೆ ಅಂದೆನಲ್ಲ, ಮಜಾ ಏನಂದರೆ ಎಷ್ಟೋ ಸಲ ಕುಂಡದಲ್ಲಿ ಕಬ್ಬಿಣ ಇದ್ದೇ ಇರುತ್ತದೆ. ಬೇರಿಗೆ ಸಿಗುವ ರೂಪದಲ್ಲಿ ಇರುವುದಿಲ್ಲ, ಅಷ್ಟೇ. ಅಜೇಲಿಯಾಕ್ಕೆ ಹುಳಿ ಮಣ್ಣು ಬೇಕು, ಪಿಎಚ್ (ಹುಳಿಯ ಅಳತೆ, ಸಂಖ್ಯೆ ಇಳಿದಷ್ಟೂ ಹುಳಿ ಜಾಸ್ತಿ) ಸುಮಾರು 4.5ರಿಂದ 6ರ ಒಳಗೆ. ನಾವು ಗಡಸು ನೀರು ಹಾಕುತ್ತಾ ಹೋದರೆ ಅದರಲ್ಲಿರುವ ಬೈಕಾರ್ಬೊನೇಟ್ ಪಿಎಚ್ಚನ್ನು ನಿಧಾನವಾಗಿ ಮೇಲಕ್ಕೆ ತಳ್ಳುತ್ತದೆ, ಮಣ್ಣಿನಲ್ಲಿದ್ದ ಕಬ್ಬಿಣ ಗಿಡಕ್ಕೆ ದಕ್ಕದಂತಾಗುತ್ತದೆ. ಆಗ ಇನ್ನಷ್ಟು ಗೊಬ್ಬರ ಹಾಕಿದರೆ ಉಪ್ಪು ಕೂಡಿ ಬೇರು ಸುಡುತ್ತದೆಯೇ ಹೊರತು ಎಲೆ ಹಸಿರಾಗುವುದಿಲ್ಲ. ಮಳೆ ನೀರು ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ. ಇಲ್ಲವಾದರೆ ನೀರಿಗೆ ಚೂರು ಚೂರೇ ವಿನೆಗರ್ ಬೆರೆಸಿ, ಪಿಎಚ್ ಕಾಗದದಲ್ಲಿ ನೋಡಿಕೊಂಡು ಹಾಕಬಹುದು. ಕಣ್ಣಳತೆಯಲ್ಲಿ ಮಾತ್ರ ಬೇಡ. ಕಬ್ಬಿಣದ ಚೀಲೇಟ್, ಅಂದರೆ ಬೇರಿಗೆ ಸಿಗುವ ರೂಪದಲ್ಲಿ ಕಬ್ಬಿಣವನ್ನು ಹಿಡಿದಿಡುವ ಗೊಬ್ಬರ, ಕೊಳ್ಳುವಾಗ ಯಾವ ಬಗೆ ಅಂತ ಡಬ್ಬಿ ಮೇಲೆ ಓದಿ. ಇಡಿಟಿಎ ಅಂತ ಇದ್ದರೆ ಪಿಎಚ್ 6.5 ದಾಟಿದ ಮೇಲೆ ಅದರಿಂದ ಹೆಚ್ಚು ಪ್ರಯೋಜನ ಇಲ್ಲ, ಇಡಿಡಿಎಚ್ಎ ಇನ್ನೂ ಮೇಲಿನ ಪಿಎಚ್‌ನಲ್ಲೂ ಕೆಲಸ ಮಾಡುತ್ತದೆ. ಸುಣ್ಣ, ಬೂದಿ ಹತ್ತಿರಕ್ಕೂ ತರಬೇಡಿ. ಎಲುಬಿನ ಪುಡಿಯಲ್ಲೂ ಕ್ಯಾಲ್ಸಿಯಂ ಜಾಸ್ತಿ, ಕೈ ಬಿಗಿ ಹಿಡಿದು ಹಾಕಿ.

ಕಾನುಮಾ ಮಣ್ಣಿನಲ್ಲಿ ನೆಟ್ಟವರಿಗೆ ಇನ್ನೊಂದು ಮಾತು. ಜಪಾನಿನ ಕಾನುಮಾ ಊರಿನ ಸುತ್ತ ಸಿಗುವ ಜ್ವಾಲಾಮುಖಿ ಕಲ್ಲಿನ ಹರಳು ಅದು. ಹುಳಿ ಗುಣ ಇದೆ, ಒದ್ದೆಯಾದಾಗ ಗಾಢ ಹಳದಿ, ಒಣಗಿದಾಗ ಬಿಳಿಚಿಕೊಳ್ಳುತ್ತದೆ, ಹಾಗಾಗಿ ನೀರು ಯಾವಾಗ ಹಾಕಬೇಕು ಅಂತ ಅದೇ ಹೇಳುತ್ತದೆ. ಆದರೆ ತನ್ನದು ಅಂತ ಪೋಷಕಾಂಶ ಅದರಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಗಿಡಕ್ಕೆ ನಾವು ಕೊಟ್ಟದ್ದೇ ಊಟ. ಹಾಗಂತ ಒಂದೇ ಸಲ ಜಾಸ್ತಿ ಹಾಕಬಾರದು, ಅಜೇಲಿಯಾದ ಬೇರು ಕೂದಲಿನಷ್ಟು ಸಣ್ಣ, ಮೇಲ್ಮಣ್ಣಿನಲ್ಲೇ ಹರಡಿಕೊಂಡಿರುತ್ತದೆ, ಸ್ವಲ್ಪ ಖಾರವಾದರೂ ತಡೆಯುವುದಿಲ್ಲ. ದ್ರವ ಗೊಬ್ಬರವಾದರೆ ಡಬ್ಬಿಯಲ್ಲಿ ಹೇಳಿದ್ದರ ಅರ್ಧ ಅಥವಾ ಕಾಲು ಪಾಲು ಸಾಕು. ಸಾರಜನಕ ಅಮೋನಿಯಂ ರೂಪದಲ್ಲಿ ಜಾಸ್ತಿ ಇರುವುದನ್ನು ಆರಿಸಿ, ನೈಟ್ರೇಟ್ ಈ ಗಿಡಕ್ಕೆ ಅಷ್ಟು ಒಗ್ಗುವುದಿಲ್ಲ. ಒಣ ಮಣ್ಣಿಗೆ ಎಂದೂ ಹಾಕಬೇಡಿ, ಮೊದಲು ನೀರು, ಆಮೇಲೆ ಗೊಬ್ಬರ. ಕುಂಡದ ಅಂಚಿಗೆ ಬಿಳಿ ಪೊರೆ ಕಟ್ಟುತ್ತಿದ್ದರೆ, ಬರೀ ನೀರನ್ನು ತಳದಿಂದ ಚೆನ್ನಾಗಿ ಹರಿದುಹೋಗುವಷ್ಟು ಹಾಕಿ ತೊಳೆಯಿರಿ.

ಇನ್ನು ಯಾವಾಗ ಕೊಡಬೇಕು? ನಾನಂತೂ ಹೂವನ್ನು ನೋಡಿಕೊಂಡೇ ಕೊಡುವುದು. ವಸಂತದಲ್ಲಿ ಚಿಗುರುವಾಗ ಸ್ವಲ್ಪ, ಮೊಗ್ಗಿಗೆ ಬಣ್ಣ ಬಂತೋ ನಿಲ್ಲಿಸಿಬಿಡಿ. ಹೂವಿರುವಾಗ ಗೊಬ್ಬರ ಬಿದ್ದರೆ ಮರ ಎಲೆ ಬಿಡುವ ಕಡೆ ಹೋಗುತ್ತದೆ, ಹೂ ಬೇಗ ಬಾಡುತ್ತದೆ. ಹೂ ಮುಗಿದ ಮೇಲೆ ಬಾಡಿದ ಎಸಳನ್ನಷ್ಟೇ ಎಳೆದರೆ ಸಾಲದು, ಬುಡದಲ್ಲಿರುವ ಆ ಪುಟ್ಟ ಹಸಿರು ಕಾಯಿಯನ್ನೂ ಚಿವುಟಬೇಕು, ಇಲ್ಲದಿದ್ದರೆ ಕೊಟ್ಟದ್ದೆಲ್ಲ ಬೀಜಕ್ಕೆ ಹೋಗುತ್ತದೆ. ಕತ್ತರಿಸುವುದೂ ಆಗಲೇ, ಯಾಕೆಂದರೆ ಮುಂದಿನ ವರ್ಷದ ಮೊಗ್ಗು ಬೇಸಿಗೆಯಲ್ಲೇ ಹೊಸ ಚಿಗುರಿನ ತುದಿಗೆ ಕೂರುತ್ತದೆ, ತಡವಾಗಿ ಕತ್ತರಿ ಆಡಿಸಿದರೆ ಹೂವೇ ಹೋಯ್ತು. ಕುಂಡ ಬದಲಿಸಿದ್ದರೆ ಹೊಸ ಬೇರು ಬರುವ ತನಕ, ಅಂದರೆ ಸುಮಾರು ಒಂದು ತಿಂಗಳು, ಏನೂ ಕೊಡಬೇಡಿ. ಆಮೇಲೂ ಸ್ವಲ್ಪ ಸ್ವಲ್ಪವಾಗಿಯೇ ಶುರು ಮಾಡಿ. ಕಡು ಬಿಸಿಲಿನ ದಿನಗಳಲ್ಲಿ ಬಿಡುವು, ಬಿಸಿಲು ಇಳಿದ ಮೇಲೆ ಸಾರಜನಕ ಕಡಿಮೆ ಇರುವುದನ್ನು ಮತ್ತೆ ಸ್ವಲ್ಪ ದಿನ, ಚಳಿ ಹತ್ತಿದಾಗ ಬಂದ್.

ಕಾಂಡ ದಪ್ಪ ಮಾಡಬೇಕಿರುವ ಎಳೇ ಗಿಡಕ್ಕೆ ಕೈ ಬಿಚ್ಚಿ ಕೊಡಬಹುದು. ಕೊಂಬೆ ನಯವಾಗಿ ಕವಲೊಡೆದ ಹಳೇ ಮರಕ್ಕೆ ಅದೇ ಅಳತೆ ಹಾಕಿದರೆ ಚಿಗುರು ಉದ್ದುದ್ದ ಬಂದು ಅಷ್ಟು ವರ್ಷದ ಆಕಾರ ಕೆಡುತ್ತದೆ.

ನನಗೆ ದ್ರವಕ್ಕಿಂತ ಹಿಂಡಿಯ ಉಂಡೆಯೇ ಇಷ್ಟ, ನೀರು ಹಾಕಿದಾಗಲೆಲ್ಲ ಸ್ವಲ್ಪ ಸ್ವಲ್ಪವೇ ಇಳಿಯುತ್ತದೆ. ಕಾಂಡದ ಬುಡಕ್ಕೆ ತಾಗಿಸದೆ ಕುಂಡದ ಅಂಚಿನ ಕಡೆ ಇಡಿ. ವಾಸನೆ ಬರುತ್ತದೆ, ಬೂಷ್ಟು ಹಿಡಿಯುತ್ತದೆ, ಹಕ್ಕಿ ಕಚ್ಚಿಕೊಂಡು ಹೋಗುವುದೂ ಉಂಟು. ಮಣ್ಣಿಗೆ ಚುಚ್ಚಿ ನಿಲ್ಲಿಸುವ ಪುಟ್ಟ ಪ್ಲಾಸ್ಟಿಕ್ ಬುಟ್ಟಿಯೊಳಗೆ ಇಟ್ಟರೆ ಈ ರಗಳೆ ಕಡಿಮೆ, ಉಂಡೆ ಕರಗಿ ಮಣ್ಣಿನ ಸಂದಿಗೆ ಮೆತ್ತಿಕೊಂಡು ನೀರು ಇಳಿಯದ ಹಾಗೆ ಆಗುವುದೂ ತಪ್ಪುತ್ತದೆ. ಸಾರ ಹೋದ ಉಂಡೆಯನ್ನು ಅಲ್ಲೇ ಪುಡಿ ಮಾಡಿ ಬಿಡದೆ ತೆಗೆದುಹಾಕಿ.