ಟರ್ಬೊ ಪೆಟ್ರೋಲ್ ಕಾರಿಗೆ ಎಲ್‌ಪಿಜಿ: ರೆಡ್ಯೂಸರ್‌ನಲ್ಲಿ ಜಿಪುಣತನ ಬೇಡ

ಎಲ್‌ಪಿಜಿಯ ಆಕ್ಟೇನ್ 100 ದಾಟುತ್ತದೆ, ಹಾಗಾಗಿ ಟರ್ಬೊ ಎಂಜಿನ್‌ಗೆ ಅದು ಚೆನ್ನಾಗಿ ಒಗ್ಗುತ್ತದೆ. ಕೆಡುವುದು ಕಿಟ್ ಆಯ್ಕೆಯಲ್ಲಿ. 250 ಅಶ್ವಶಕ್ತಿಯ ಎಂಜಿನ್‌ಗೆ 150 ಅಶ್ವಶಕ್ತಿಗಷ್ಟೇ ಸಾಲುವ ರೆಡ್ಯೂಸರ್ (ದ್ರವ ಎಲ್‌ಪಿಜಿಯನ್ನು ಅನಿಲವಾಗಿಸಿ ಒತ್ತಡ ಇಳಿಸುವ ಭಾಗ) ಕೂರಿಸಿದರೆ ನಿಧಾನ ಓಡಿಸುವಾಗ ಏನೂ ಗೊತ್ತಾಗುವುದಿಲ್ಲ. ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಗ್ಯಾಸ್ ಒತ್ತಡ ಕುಸಿದು ಮಿಶ್ರಣ ತೆಳುವಾಗುತ್ತದೆ, ಅಂದರೆ ಗಾಳಿಗೆ ತಕ್ಕಷ್ಟು ಗ್ಯಾಸ್ ಇರುವುದಿಲ್ಲ. ಹಾಗೇ ಓಡಿಸುತ್ತಿದ್ದರೆ ಎಕ್ಸಾಸ್ಟ್ ವಾಲ್ವ್ ಸುಡುತ್ತದೆ. ಎಂಜಿನ್ ಶಕ್ತಿಗಿಂತ ಒಂದು ಅಳತೆ ದೊಡ್ಡ ರೆಡ್ಯೂಸರನ್ನೇ ಹಾಕಿ. ಅದರ ಒತ್ತಡದ ಪೈಪನ್ನು ಥ್ರಾಟಲ್ ಆದಮೇಲಿನ ಮ್ಯಾನಿಫೋಲ್ಡ್‌ಗೇ (ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಕೊಳವೆ) ಜೋಡಿಸಿ, ಬೂಸ್ಟ್ (ಟರ್ಬೊ ತಳ್ಳುವ ಗಾಳಿಯ ಒತ್ತಡ) ಏರಿದಂತೆ ಗ್ಯಾಸ್ ಒತ್ತಡವೂ ಏರಬೇಕು.

ಗ್ಯಾಸ್ ಒಳಬಿಡುವ ನಾಝಲ್‌ಗಳ ತೂತುಗಳನ್ನು ಮ್ಯಾನಿಫೋಲ್ಡ್ ಬಿಚ್ಚಿ ಮೇಜಿನ ಮೇಲಿಟ್ಟೇ ಕೊರೆಯಿರಿ. ಎಂಜಿನ್ ಮೇಲಿದ್ದಾಗಲೇ ಕೊರೆದರೆ ಅಲ್ಯೂಮಿನಿಯಂ ಚೂರು ನೇರ ಸಿಲಿಂಡರ್‌ಗೆ ಹೋಗುತ್ತದೆ. ಈ ಕೆಲಸದಲ್ಲಿ ಆತುರ ಖಂಡಿತ ಸಲ್ಲ. ನಾಝಲ್ ಬಾಯಿ ಎಂಜಿನ್‌ನ ಇನ್‌ಟೇಕ್ ವಾಲ್ವ್ ಕಡೆಗಿರಲಿ, ಇಂಜೆಕ್ಟರ್‌ನಿಂದ ಬರುವ ಪೈಪುಗಳು 20 ಸೆಂ.ಮೀ. ಒಳಗೆ, ಎಲ್ಲವೂ ಒಂದೇ ಉದ್ದ.

ಸ್ಪಾರ್ಕ್ ಪ್ಲಗ್ ಗ್ಯಾಪ್ 0.1 ಮಿ.ಮೀ. ಕಡಿಮೆ ಮಾಡಿ, ಗ್ಯಾಸ್ ಹೊತ್ತಿಸಲು ಹೆಚ್ಚು ವೋಲ್ಟೇಜ್ ಬೇಕು. ರೆಡ್ಯೂಸರ್‌ಗೆ ಬಿಸಿ ಕೊಡುವುದು ಎಂಜಿನ್ ಕೂಲೆಂಟ್, ಅದು ಬಿಸಿಯಾಗುವ ಮುನ್ನ ಗ್ಯಾಸ್‌ಗೆ ಬದಲಾದರೆ ರೆಡ್ಯೂಸರ್ ಹೆಪ್ಪುಗಟ್ಟುತ್ತದೆ. ಟ್ಯಾಂಕ್ 80% ಮಾತ್ರ ತುಂಬಬೇಕು, ಅಷ್ಟಕ್ಕೇ ತುಂಬುವುದನ್ನು ನಿಲ್ಲಿಸುವ ವಾಲ್ವ್ ಮುಟ್ಟಲೇಬೇಡಿ. ಟ್ಯೂನಿಂಗ್ ಅನ್ನು ಪೂರ್ತಿ ಲೋಡ್‌ನಲ್ಲಿ, ವೈಡ್‌ಬ್ಯಾಂಡ್ ಸೆನ್ಸರ್ (ಎಕ್ಸಾಸ್ಟ್‌ನಲ್ಲಿ ಆಮ್ಲಜನಕ ಅಳೆದು ಮಿಶ್ರಣ ತೋರಿಸುವ ಸೆನ್ಸರ್) ನೋಡುತ್ತಲೇ ಮುಗಿಸಿ.