ಪದ್ಯ ಓದಿಸಿದರೆ ಮಾರ್ಕ್ಸ್ ಬರುತ್ತಾ ಮಿಸ್?

ಬರಲ್ಲ. ಎಸ್ಸೆಸ್ಸೆಲ್ಸಿಯ 625ರಲ್ಲಿ ಒಂದು ಅಂಕವನ್ನೂ ಪದ್ಯ ಪುಕ್ಕಟೆ ಕೊಡುವುದಿಲ್ಲ. ಚಿತ್ರದುರ್ಗದಲ್ಲಿ ಕನ್ನಡ ಪಾಠ ಮಾಡುವ ನನಗೆ ಈ ಪ್ರಶ್ನೆ ಬಸ್ ಸ್ಟ್ಯಾಂಡಲ್ಲೂ ಬರುತ್ತದೆ, ಮದುವೆ ಪಂಕ್ತಿಯಲ್ಲೂ ಬರುತ್ತದೆ. "ಫೇಲಾಗೋ ಭಯಕ್ಕೆ ಪದ್ಯ ಹೇಳಿಕೊಡ್ತೀರಂತೆ, ಎಷ್ಟು ದಿನಕ್ಕೆ ಗುಣ ಆಗುತ್ತೆ?" ಅಂತ ಒಬ್ಬರು ಕೇಳಿದರು. ಪದ್ಯ ಟಾನಿಕ್ಕಾ?

ಎಂಟನೇ ಕ್ಲಾಸಿನಲ್ಲಿ ಒಬ್ಬ ಹುಡುಗಿ ಇದ್ದಳು. ಉತ್ತರಪತ್ರಿಕೆ ಕೈಗೆ ಬಂದ ಕೂಡಲೇ ಅಂಕ ಬರೆದ ಮೂಲೆಯನ್ನು ಮಡಚಿಬಿಡುತ್ತಿದ್ದಳು. ಅವತ್ತು ಅಕ್ಕಮಹಾದೇವಿಯ ವಚನ ಓದುತ್ತಿದ್ದೆವು. ಬೆಟ್ಟದ ಮೇಲೆ ಮನೆ ಮಾಡಿ ಮೃಗಗಳಿಗೆ ಅಂಜಿದರೆ ಹೇಗೆ, ಸಮುದ್ರದ ದಡದಲ್ಲಿ ಮನೆ ಮಾಡಿ ನೊರೆತೆರೆಗೆ ಅಂಜಿದರೆ ಹೇಗೆ, ಸಂತೆಯೊಳಗೆ ಮನೆ ಮಾಡಿ ಶಬ್ದಕ್ಕೆ ನಾಚಿದರೆ ಹೇಗೆ ಅಂತ 12ನೇ ಶತಮಾನದ ಆ ಹೆಣ್ಣುಮಗಳು ಕೇಳುತ್ತಾಳೆ. ಕೊನೆಗೆ ಹೊಗಳಿಕೆ, ತೆಗಳಿಕೆ ಬಂದರೂ ಸಮಾಧಾನದಿಂದಿರಬೇಕು ಅನ್ನುತ್ತಾಳೆ. ಆ ಸಾಲಿಗೆ ನಾನು ಬೇಗ ಹೋಗುವುದಿಲ್ಲ, ಬುದ್ಧಿಮಾತು ಮಕ್ಕಳಿಗೆ ಮನೆಯಲ್ಲೇ ಬೇಕಾದಷ್ಟು ಸಿಗುತ್ತದೆ. ಪ್ರಶ್ನೆಗಳ ಹತ್ತಿರವೇ ನಿಲ್ಲುತ್ತೇನೆ. ನಮ್ಮ ಮಕ್ಕಳಲ್ಲಿ ಸಮುದ್ರ ನೋಡಿದವರು ಕಡಿಮೆ. ಬೆಟ್ಟ ಮಾತ್ರ ಕೋಟೆ ಸಮೇತ ಕಿಟಕಿಯಲ್ಲೇ ಇದೆ.

"ನಮ್ಮವ್ವ ಸಂತೇಲಿ ಈರುಳ್ಳಿ ಮಾರ್ತಾಳೆ ಮಿಸ್, ನಾಚಿದ್ರೆ ವ್ಯಾಪಾರ ಆಗಲ್ಲ" ಅಂದಳು ಆ ಹುಡುಗಿ. ಸರಿ, ನಾಲ್ಕನೇ ಪ್ರಶ್ನೆ ನೀವೇ ಬರೀರಿ ಅಂದೆ. ಅವಳು ಬರೆದಳು, ಚಿತ್ತು ಮಾಡಿದಳು, ಮತ್ತೆ ಬರೆದಳು. ಐದನೇ ಸಲಕ್ಕೆ ಸಾಲು ನಿಂತಿತು: "ಶಾಲೆಯೊಳಗೊಂದು ಬೆಂಚ ಹಿಡಿದು ಲೆಕ್ಕಕ್ಕಂಜಿದೊಡೆಂತಯ್ಯಾ?" ಲೆಕ್ಕದ ನೋಟ್ಸಿನಲ್ಲಿ ಅಷ್ಟು ಚಿತ್ತು ಮಾಡಿದ್ದರೆ ಬೈಗುಳ ಬೀಳುತ್ತಿತ್ತು. ಇಲ್ಲಿ ಚಿತ್ತು ಮಾಡದೆ ಸಾಲು ಸಿಗುತ್ತಲೇ ಇರಲಿಲ್ಲ, ಅಲ್ವಾ?

ಮಕ್ಕಳಿಗೆ ನಿಜವಾಗಿ ಯಾವುದರ ಭಯ ಅಂತ ಮಾತ್ರ ಯಾರೂ ನನ್ನನ್ನು ಕೇಳುವುದಿಲ್ಲ. ಕೇಳಿದರೆ ಹೇಳುತ್ತೇನೆ. 2024ರಲ್ಲಿ ಎಸ್ಸೆಸ್ಸೆಲ್ಸಿಗೆ ಪರೀಕ್ಷೆ-1, 2, 3 ಅಂತ ಮೂರು ಅವಕಾಶ ಬಂದವು. ಒಳ್ಳೆಯದೇ ಆಯಿತು. ಆದರೆ ನನ್ನ ಮಕ್ಕಳು ಬರೆದ ಸಾಲುಗಳಲ್ಲಿ ಪರೀಕ್ಷೆ ಅಷ್ಟಾಗಿ ಇರಲೇ ಇಲ್ಲ. ಇದ್ದದ್ದು ರಿಸಲ್ಟ್ ಬಂದ ದಿನದ ಸಂಜೆ. ಪಕ್ಕದ ಮನೆಯವರು ಬಾಗಿಲಲ್ಲಿ ನಿಂತು "ಎಷ್ಟು ಬಂತು?" ಅನ್ನುವುದು. ಒಬ್ಬ ಹುಡುಗ "ಅಪ್ಪ ಮಾತು ಬಿಟ್ಟರೆಂತಯ್ಯಾ" ಅಂತಷ್ಟೇ ಬರೆದು ಪೆನ್ನು ಮುಚ್ಚಿದ. ಹತ್ತು ಸಲ ಕರೆದು ವಿಚಾರಿಸಿದ್ದರೂ ಅವನು ಅದನ್ನು ನನಗೆ ಹೇಳುತ್ತಿರಲಿಲ್ಲ.

ಮುಂದಿನ ಕಿರುಪರೀಕ್ಷೆಯಲ್ಲಿ ಆ ಹುಡುಗಿಗೆ ಲೆಕ್ಕದಲ್ಲಿ 20ಕ್ಕೆ 7. ಪತ್ರಿಕೆ ತಂದು ನನ್ನ ಮೇಜಿನ ಮೇಲಿಟ್ಟಳು. ಮೂಲೆ ಮಡಚಿರಲಿಲ್ಲ.